ಚಿಕ್ಕಮ್ಮ ಅಂದರೆ

ಹದಿನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳಿಗೆ ಕಾಗದಪತ್ರ ನೋಡುವವರ ಮುಖ ಓದುವುದು ಕಷ್ಟವಲ್ಲ. ನಡುದಾರಿಯಲ್ಲಿ ಕೈಯಡ್ಡ ಹಿಡಿದು ಬಸ್ಸು ಹತ್ತುವ ಎಂಥೆಂಥ ಚೆಕಿಂಗ್ ಇನ್‌ಸ್ಪೆಕ್ಟರುಗಳನ್ನು ಅವಳು ನೋಡಿರಲಿಲ್ಲ? ಹಾಗಾಗಿ ವಿಮಾನ ಇಳಿದು, ಉದ್ದದ ಕ್ಯೂ ಸವೆಸಿ, ಕೊನೆಗೆ ಗಾಜಿನ ಕೌಂಟರಿನ ಮುಂದೆ ನಿಂತಾಗ, ಒಳಗೆ ಕೂತಿದ್ದ ಅಧಿಕಾರಿ ಅವರ ಕಾಗದಗಳನ್ನೆಲ್ಲ ಒಮ್ಮೆ ನೋಡಿ ಮುಗಿಸಿ, ಮತ್ತೆ ಮೊದಲ ಹಾಳೆಯಿಂದ ತಿರುಗಿಸತೊಡಗಿದ ಕೂಡಲೇ ಕಂಡಕ್ಟರಮ್ಮನಿಗೆ ಗೊತ್ತಾಗಿಹೋಯಿತು. ಇವನಿಗೆ ಇನ್ನೂ ಏನೂ ಸಿಕ್ಕಿಲ್ಲ, ಸಿಗುವ ತನಕ ಬಿಡುವ ಪೈಕಿಯೂ ಅಲ್ಲ.

ಕೆಲಸ ಬಿಟ್ಟು ಬಂದಿದ್ದರೂ ಅವಳನ್ನು ಎಲ್ಲರೂ ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು, ಗಂಡ ಕೂಡ. ಅವನು ಲಿಫ್ಟ್ ರಿಪೇರಿಯವನು. ಮಾತು ಕಡಿಮೆ, ಕೈ ಕೆಲಸ ಜಾಸ್ತಿ. ಈ ದೇಶದಲ್ಲಿ ಎತ್ತರದ ಕಟ್ಟಡಗಳಿಗೆ ಬರವಿಲ್ಲ, ಲಿಫ್ಟ್ ಕೆಟ್ಟರೆ ಬಿಚ್ಚಿ ನೋಡುವವರಿಗೆ ಬರ. ಅದಕ್ಕೇ ಮೂರು ವರ್ಷ ಅರ್ಜಿ, ಎದೆಯ ಎಕ್ಸ್‌ರೇ, ಪೊಲೀಸರ ಪತ್ರ, ಮತ್ತೆ ಅರ್ಜಿ ಅಂತ ಓಡಾಡಿಸಿದ ಮೇಲೆ, ನೀವು ಮೂವರೂ ಬಂದು ಕಾಯಂ ಆಗಿ ನೆಲೆಸಬಹುದು ಎಂದು ಪತ್ರ ಬಂದಿತ್ತು. ಮೂವರು ಅಂದರೆ ಗಂಡ, ಹೆಂಡತಿ, ಒಂಬತ್ತು ವರ್ಷದ ಪಿಟೀಲು.

ಪಿಟೀಲು ಅಂದರೆ ಹುಡುಗಿ. ಹುಟ್ಟಿದಾಗ ಅವಳ ಅಳು ಸಣ್ಣ ತಂತಿ ಎಳೆದ ಹಾಗೆ ಕೊಯ್ಯುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತು. ಹೆತ್ತವಳು ಕಂಡಕ್ಟರಮ್ಮನ ಅಕ್ಕ. ಬಾಣಂತನದ ನಲವತ್ತನೇ ದಿನ ಜ್ವರ ಬಂದು ಹೋಗಿಬಿಟ್ಟಳು. ಭಾವ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ, ಕೂಸನ್ನು ನೀನೇ ಇಟ್ಟುಕೋ ಎಂದು ಕೋರ್ಟಿನಲ್ಲಿ ರುಜು ಹಾಕಿ ಕೈ ತೊಳೆದುಕೊಂಡ. ಆಮೇಲೆ ಒಂಬತ್ತು ವರ್ಷದಲ್ಲಿ ನಾಲ್ಕು ಸಲ ಮಗಳ ಮುಖ ನೋಡಿದ್ದ, ಅದರಲ್ಲಿ ಎರಡು ಸಲ ಯಾರದೋ ಮದುವೆ ಮನೆಯಲ್ಲಿ.

ಮಗುವಿಗೆ ಮಾತು ಬರುವ ಹೊತ್ತಿಗೆ ಮನೆಯಲ್ಲಿ ಒಂದು ಚರ್ಚೆ ಎದ್ದಿತ್ತು. ಇದು ನಿನ್ನನ್ನು ಅಮ್ಮ ಅಂತಲೇ ಕರೆಯಲಿ, ಯಾಕೆ ಸುಮ್ಮನೆ ಗೊಂದಲ ಎಂದು ಬಂಧುಬಳಗವೆಲ್ಲ ಹೇಳಿತು. ಕಂಡಕ್ಟರಮ್ಮ ಒಪ್ಪಲಿಲ್ಲ. ಅಮ್ಮ ಅನ್ನುವುದು ಅಕ್ಕನದು. ಹೋದವಳಿಗೆ ಉಳಿದಿರುವುದು ಅದೊಂದೇ, ಅದನ್ನೂ ಕಿತ್ತುಕೊಂಡರೆ ಅವಳು ಈ ಲೋಕಕ್ಕೆ ಬಂದೇ ಇರಲಿಲ್ಲ ಅಂತಾಗುತ್ತದೆ. ಅಮ್ಮನ ತಂಗಿ ಚಿಕ್ಕಮ್ಮ, ನಾನು ಚಿಕ್ಕಮ್ಮನೇ ಅಂದಳು. ಲಿಫ್ಟಿನವನು ಹಾಗಾದರೆ ನಾನು ಚಿಕ್ಕಪ್ಪ ಅಂದ. ಅಲ್ಲಿಗೆ ಮುಗಿಯಿತು. ಪಿಟೀಲು ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ರಾತ್ರಿ ಕಣ್ಣು ಮುಚ್ಚುವವರೆಗೆ ನೂರು ಸಲ ಚಿಕ್ಕಮ್ಮ ಅನ್ನುತ್ತಿದ್ದಳು. ಚಿಕ್ಕಮ್ಮ ನೀರು, ಚಿಕ್ಕಮ್ಮ ಜಡೆ, ಚಿಕ್ಕಮ್ಮ ನೋಡಿಲ್ಲಿ. ಒಮ್ಮೊಮ್ಮೆ ತಲೆ ಚಿಟ್ಟು ಹಿಡಿದು, ಐದು ನಿಮಿಷ ಆ ಹೆಸರು ಎತ್ತಬೇಡವೇ ಎಂದು ಇವಳೇ ಗದರಿಸಿದ್ದುಂಟು.

ಕೌಂಟರಿನ ಅಧಿಕಾರಿ ಕೋರ್ಟಿನ ದತ್ತು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಅಧಿಕೃತ ಭಾಷಾಂತರ, ಅದರ ಮೇಲೆ ಮೊಹರು, ಮೊಹರಿನ ಮೇಲೆ ಇನ್ನೊಂದು ಮೊಹರು, ಎಲ್ಲ ಸರಿಯಿತ್ತು. ಆದರೂ ಮಗುವನ್ನು ಒಂದೆರಡು ಮಾತು ಕೇಳುವುದು ಪದ್ಧತಿ, ಹೆದರಬೇಡಿ ಅಂದ. ಟೆಲಿಫೋನಿನಲ್ಲಿ ಕನ್ನಡ ಬಲ್ಲ ದುಭಾಷಿಯೊಬ್ಬನನ್ನು ಹಿಡಿದು, ಸ್ಪೀಕರ್ ಒತ್ತಿ, ಪಿಟೀಲಿನ ಕಡೆ ಬಾಗಿ ನಕ್ಕ. ಇವರು ಯಾರು ಎಂದು ಫೋನಿನ ದನಿ ಕೇಳಿತು. ಚಿಕ್ಕಮ್ಮ ಅಂದಳು ಪಿಟೀಲು. ಇವರು ಯಾರು. ಚಿಕ್ಕಪ್ಪ. ಅಪ್ಪ ಎಲ್ಲಿದ್ದಾರೆ. ಊರಲ್ಲಿದ್ದಾರೆ. ಮೂರಕ್ಕೆ ಮೂರೂ ಸತ್ಯ. ಹೊಸ ದೇಶದವರ ಮುಂದೆ ಸ್ಪಷ್ಟವಾಗಿ ಮಾತಾಡಿದೆನೆಂದು ಹುಡುಗಿ ಹಿಗ್ಗಿ ಚಿಕ್ಕಮ್ಮನ ಮುಖ ನೋಡಿದಳು.

ಅಧಿಕಾರಿಯ ನಗು ಮಾತ್ರ ಎಲ್ಲಿ ಹೋಯಿತೋ ಹೋಯಿತು. ಅವನು ಫೋನಿನ ದನಿಯನ್ನು ಎರಡೆರಡು ಸಲ ಕೇಳಿ ಬರೆದುಕೊಂಡ, ಎದ್ದು ಹೋದ, ಜೊತೆಗೆ ಒಬ್ಬ ಹೆಂಗಸನ್ನು ಕರೆತಂದ. ಆ ಹೆಂಗಸು ಪಿಟೀಲಿನ ಕೈ ಹಿಡಿದು ಪಕ್ಕದ ಬಾಗಿಲಿನೊಳಗೆ ಕರೆದುಕೊಂಡು ಹೋದಳು. ನಾನೂ ಬರುತ್ತೇನೆ ಎಂದು ಕಂಡಕ್ಟರಮ್ಮ ಹೊರಟರೆ ಅಡ್ಡಗಟ್ಟಿದರು. ಎರಡು ಗಂಟೆ ನಲವತ್ತು ನಿಮಿಷ. ಗೋಡೆಯ ಮೇಲಿನ ಗಡಿಯಾರದಿಂದ ಅವಳು ಒಂದು ಕ್ಷಣವೂ ಕಣ್ಣು ತೆಗೆಯಲಿಲ್ಲ. ಅಲ್ಲಿನ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದುದು ಅರ್ಜಿ ತುಂಬಲು ಕಲಿತ ನೂರಿನ್ನೂರು ಪದ. ಯಾಕೆ, ಏನು, ನನ್ನ ಮಗಳು ಎಲ್ಲಿ ಎಂದು ಅಷ್ಟನ್ನೂ ತಿರುಗಿಸಿ ಮುರುಗಿಸಿ ಕೇಳಿದಳು. ದಯವಿಟ್ಟು ಕುಳಿತುಕೊಳ್ಳಿ ಅನ್ನುವುದೊಂದೇ ಉತ್ತರ.

ಪಿಟೀಲು ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಬಟ್ಟೆಯ ಕರಡಿ ಇತ್ತು. ಮುಖ ಸಣ್ಣದಾಗಿತ್ತು. ಏನು ಕೇಳಿದರು ಎಂದರೆ ತಲೆ ತಗ್ಗಿಸಿದಳು. ಎಷ್ಟೋ ಪುಸಲಾಯಿಸಿದ ಮೇಲೆ, ಹೊಟ್ಟೆ ತುಂಬ ಊಟ ಹಾಕ್ತಾರಾ, ಹೊಡೀತಾರಾ, ಕತ್ತಲೆ ಕೋಣೇಲಿ ಕೂಡಿ ಹಾಕ್ತಾರಾ ಅಂತ ಕೇಳಿದರು ಎಂದಳು. ಕಂಡಕ್ಟರಮ್ಮನ ಮೈಯೆಲ್ಲ ಉರಿದುಹೋಯಿತು. ಅರ್ಧ ಟಿಕೆಟ್ಟಿನ ವಯಸ್ಸಿಗೆ ಬಂದ ಮಕ್ಕಳನ್ನು ಮಡಿಲಲ್ಲಿ ಮುದುರಿಸಿ ಕೂರಿಸಿಕೊಂಡು, ಇನ್ನೂ ಐದು ತುಂಬಿಲ್ಲ ಕಣಮ್ಮ ಅನ್ನುವ ತಾಯಂದಿರನ್ನು ಅವಳು ದಿನಾ ಕಂಡವಳು. ಮೀಸೆ ಮೂಡುವ ಗಂಡುಮಕ್ಕಳಿಗೂ ಐದು ತುಂಬಿರುತ್ತಿರಲಿಲ್ಲ. ಜಗಳವಾಡಿದ್ದಳು, ಬೈದಿದ್ದಳು, ಬಸ್ಸು ನಿಲ್ಲಿಸಿದ್ದಳು. ಆದರೆ ಒಂದೇ ಒಂದು ದಿನ ಮಗುವಿನ ಕಡೆ ತಿರುಗಿ, ನಿಮ್ಮಮ್ಮ ಹೇಳ್ತಿರೋದು ನಿಜಾನಾ ಎಂದು ಕೇಳಿರಲಿಲ್ಲ. ಅಷ್ಟು ಮಾನ ಅವಳಿಗಿತ್ತು.

ಗಂಡ ಹೆಂಡತಿ ಇಬ್ಬರಿಗೂ ಕಾಯಂ ವಾಸದ ಮೊಹರು ಬಿತ್ತು. ಪಿಟೀಲಿಗೆ ಒಂದು ಹಳದಿ ಚೀಟಿ ಸಿಕ್ಕಿತು. ಹೊರಗಿನ ಬೆಂಚಿನಲ್ಲಿ ಕೂತು ಲಿಫ್ಟಿನವನು ಮೊಬೈಲಿನ ನಿಘಂಟು ಹಿಡಿದುಕೊಂಡು ಅದನ್ನು ಪದಪದವಾಗಿ ಓದಿದ. ಮೊದಲು ಅವನಿಗೆ ನಗು ಬಂತು. ಚಿಕ್ಕಮ್ಮ ಅಂದದ್ದನ್ನು ದುಭಾಷಿ ಮಲತಾಯಿ ಎಂದು ಹೇಳಿದ್ದ. ಚಿಕ್ಕಪ್ಪ ಅಂದದ್ದನ್ನು ತಂದೆಯ ತಮ್ಮ ಎಂದು ಹೇಳಿದ್ದ. ತಂದೆ ಊರಲ್ಲಿದ್ದಾನೆ ಎಂದು ಮಗುವೇ ಹೇಳಿತ್ತು. ಮೂರನ್ನೂ ಕೂಡಿಸಿದರೆ ಬರುವುದೇನು? ಒಬ್ಬ ಮನುಷ್ಯನ ಎರಡನೇ ಹೆಂಡತಿ, ಅವನ ಸ್ವಂತ ತಮ್ಮನ ಜೊತೆ ಓಡಿ ಬಂದಿದ್ದಾಳೆ, ಬರುವಾಗ ಸವತಿಯ ಮಗಳನ್ನೂ ಎತ್ತಿಕೊಂಡು ಬಂದಿದ್ದಾಳೆ.

ಕೊನೆಯ ಸಾಲು ಓದುವಾಗ ಲಿಫ್ಟಿನವನ ನಗು ನಿಂತಿತು. ಸಂಬಂಧ ಸಾಬೀತಾಗದಿದ್ದರೆ ಮಗುವನ್ನು ಅದರ ತಂದೆಯ ಬಳಿಗೆ ವಾಪಸು ಕಳುಹಿಸಲಾಗುವುದು ಎಂದು ಅಲ್ಲಿ ಬರೆದಿತ್ತು. ಪಿಟೀಲು ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ವಿಚಾರಣೆಗೆ ಕರೆಯುವುದಕ್ಕೆ ಒಂಬತ್ತು ವಾರ ಹಿಡಿಯಿತು. ಆ ಒಂಬತ್ತು ವಾರ ಅವರು ಎರಡನೇ ಮಹಡಿಯ ಒಂದೂವರೆ ಕೋಣೆಯ ಮನೆಯಲ್ಲಿದ್ದರು. ಒಂದೂವರೆ ಅಂದರೆ ಒಂದು ಕೋಣೆ, ಮತ್ತೆ ಅಡುಗೆಮನೆ ಎಂದು ಮನೆಯೊಡೆಯ ಹೇಳಿಕೊಂಡಿದ್ದ ಒಂದು ಮೂಲೆ. ಲಿಫ್ಟಿನವನು ಕೆಲಸಕ್ಕೆ ಸೇರಿದ. ಪಿಟೀಲಿಗೆ ಶಾಲೆ ಸಿಗಲಿಲ್ಲ. ಕಾಯಂ ವಾಸದ ನಂಬರ್ ಇಲ್ಲದ ಮಗುವನ್ನು ಸೇರಿಸಿಕೊಳ್ಳಲು ಬರುವುದಿಲ್ಲ ಎಂದರು ಶಾಲೆಯವರು. ನಂಬರ್ ಕೊಡಿ ಎಂದು ಕಚೇರಿಗೆ ಹೋದರೆ, ಮಗು ಯಾವ ಶಾಲೆಯಲ್ಲಿದೆ, ಹಾಜರಾತಿ ಪತ್ರ ತನ್ನಿ ಎಂದರು ಅಲ್ಲಿಯವರು. ಬೆಳಿಗ್ಗೆ ಎಂಟಕ್ಕೆ ಎದುರಿನ ಬೀದಿಯಲ್ಲಿ ಮಕ್ಕಳು ಸಾಲಾಗಿ ಹೋಗುವಾಗ ಪಿಟೀಲು ಕಿಟಕಿಯ ಪರದೆ ಎಳೆದುಬಿಡುತ್ತಿದ್ದಳು.

ಮೂರನೇ ವಾರ ಮಕ್ಕಳ ಕ್ಷೇಮ ನೋಡುವ ಇಲಾಖೆಯಿಂದ ಒಬ್ಬಳು ಬಂದಳು. ಬೂಟು ಬಿಚ್ಚದೆ ಕೋಣೆ ತುಂಬ ಓಡಾಡಿದಳು, ಫ್ರಿಜ್ ತೆರೆದು ನೋಡಿದಳು, ದಿಂಬು ಎಣಿಸಿದಳು. ಮಗು ಎಲ್ಲಿ ಮಲಗುತ್ತದೆ ಎಂದು ಕೇಳಿದಳು. ನೆಲದ ಹಾಸಿಗೆಯ ಮೇಲೆ ಇಬ್ಬರ ಮಧ್ಯದ ಜಾಗ ತೋರಿಸಿದರು. ಅವಳು ತುಟಿ ಬಿಗಿದು, ಮಗುವಿಗೆ ಪ್ರತ್ಯೇಕ ಹಾಸಿಗೆ ಇಲ್ಲ ಎಂದು ಬರೆದುಕೊಂಡಳು. ಒಂಬತ್ತು ವರ್ಷದಿಂದ ಆ ಹುಡುಗಿ ಒಂದು ಕಾಲನ್ನು ಚಿಕ್ಕಪ್ಪನ ಹೊಟ್ಟೆಯ ಮೇಲೆ ಹಾಕದೆ ನಿದ್ದೆ ಮಾಡಿದವಳಲ್ಲ. ಅದನ್ನು ಬರೆಯುವ ಕಾಲಂ ಆ ಹೆಂಗಸಿನ ಹಾಳೆಯಲ್ಲಿ ಇರಲಿಲ್ಲ. ಹೋಗುವಾಗ ಗೋಡೆಯ ಮೇಲಿದ್ದ ಅಕ್ಕನ ಫೋಟೋ ತೋರಿಸಿ ಇದು ಯಾರು ಎಂದಳು. ಇವಳ ತಾಯಿ ಎಂದಳು ಕಂಡಕ್ಟರಮ್ಮ. ಅದನ್ನೂ ಬರೆದುಕೊಂಡಳು, ಏನೋ ಕಳ್ಳಮಾಲು ಸಿಕ್ಕಿದ ಹಾಗೆ.

ಇದೆಲ್ಲವನ್ನೂ ಕಂಡಕ್ಟರಮ್ಮ ಹಲ್ಲು ಕಚ್ಚಿ ಸಹಿಸಿಕೊಂಡಳು. ಸಹಿಸಲಾಗದ್ದು ಬೇರೆ ಇತ್ತು. ಮೊದಲ ಕೆಲವು ದಿನ ಪ್ರಯಾಣದ ಸುಸ್ತು ಅಂದುಕೊಂಡಳು. ಆಮೇಲೆ ಗಮನಿಸಿದಳು. ಪಿಟೀಲು ಅವಳನ್ನು ಕರೆಯುವುದನ್ನೇ ನಿಲ್ಲಿಸಿದ್ದಳು. ನೀರು ಬೇಕಾದರೆ ಎದುರಿಗೆ ಬಂದು ನಿಲ್ಲುತ್ತಿದ್ದಳು. ಜಡೆ ಹಾಕಬೇಕಾದರೆ ಬಾಚಣಿಗೆ ತಂದು ಕೈಯಲ್ಲಿಡುತ್ತಿದ್ದಳು. ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದರೆ ಬಂದು ತೋಳು ಜಗ್ಗುತ್ತಿದ್ದಳು. ಮಾತಿಗೇನೂ ಕಡಿಮೆಯಿಲ್ಲ, ಚಿಕ್ಕಪ್ಪನ ಜೊತೆ ಲಿಫ್ಟಿನ ಹಗ್ಗ ಹರಿದರೆ ಏನಾಗುತ್ತದೆ ಎಂದು ಗಂಟೆಗಟ್ಟಲೆ ಚರ್ಚೆ. ಚಿಕ್ಕಮ್ಮ ಅನ್ನುವುದೊಂದನ್ನು ಮಾತ್ರ ನಾಲಿಗೆಯಿಂದ ಕಿತ್ತು ಎಲ್ಲೋ ಬಚ್ಚಿಟ್ಟಿದ್ದಳು.

ನನ್ನ ಮೇಲೆ ಕೋಪವೇನೆ ಎಂದು ಒಂದು ಮಧ್ಯಾಹ್ನ ಕೇಳಿಯೇಬಿಟ್ಟಳು. ಇಲ್ಲ ಎಂದು ತಲೆಯಾಡಿಸಿದಳು ಹುಡುಗಿ. ಮತ್ತೆ ಯಾಕೆ ಕರೆಯುವುದಿಲ್ಲ ಎಂದರೆ ಬಟ್ಟೆಯ ಕರಡಿಯ ಕಿವಿ ತಿರುಚುತ್ತ ಕೂತಳು. ಕಂಡಕ್ಟರಮ್ಮನ ಎದೆಯಲ್ಲಿ ಒಂದು ಹೆದರಿಕೆ ಸೇರಿಕೊಂಡಿತು. ಆ ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆ ನಲವತ್ತು ನಿಮಿಷ ಇವಳ ಕಿವಿಗೆ ಏನೇನು ತುಂಬಿದ್ದಾರೋ. ಇವಳು ನಿನ್ನ ಮಲತಾಯಿ ಎಂದು ಹತ್ತು ಸಲ ಹೇಳಿದರೆ ಒಂಬತ್ತು ವರ್ಷದ ಮಗು ಹನ್ನೊಂದನೇ ಸಲ ನಂಬದೆ ಇರುತ್ತದೆಯೇ?

ವಿಚಾರಣೆಯ ತಾರೀಕು ಬಂದ ಮೇಲೆ ಲಿಫ್ಟಿನವನು ಮೆಲ್ಲಗೆ ಒಂದು ಉಪಾಯ ಎತ್ತಿದ. ಆ ಒಂದು ದಿನದ ಮಟ್ಟಿಗೆ ಮಗು ಅಮ್ಮ ಅಂದುಬಿಡಲಿ, ಅವರಿಗೆ ಅರ್ಥವಾಗುವ ಪದ, ಅಲ್ಲಿಗೆ ಎಲ್ಲರಿಗೂ ನೆಮ್ಮದಿ. ಕಂಡಕ್ಟರಮ್ಮ ಒಗೆಯುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಎದ್ದಳು.

“ಒಂದು ದಿನಕ್ಕೆ ಅಮ್ಮ, ಮಾರನೇ ದಿನ ಮತ್ತೆ ಚಿಕ್ಕಮ್ಮ. ಆ ಮಗು ಏನಂದ್ಕೋಬೇಕು? ಅಮ್ಮ ಅನ್ನೋದೇನು ಬಾಡಿಗೆ ಸೈಕಲ್ಲಾ? ನಮ್ಮಕ್ಕನ ಜಾಗ ನಾನು ಒಂಬತ್ತು ವರ್ಷ ಕಾದಿದೀನಿ, ಯಾವನೋ ಒಬ್ಬ ಆಫೀಸರಿಗೆ ಅರ್ಥ ಆಗ್ಲಿ ಅಂತ ಬಿಟ್ಕೊಡಲ್ಲ.”

ಅಷ್ಟೇ ಅಲ್ಲ, ಅದು ದಡ್ಡತನ ಕೂಡ ಎಂದಳು. ಅವತ್ತು ಒಂದು ಹೇಳಿ ಇವತ್ತು ಇನ್ನೊಂದು ಹೇಳಿದರೆ, ಹೇಳಿಕೊಟ್ಟು ಕರೆತಂದಿದ್ದಾರೆ ಎಂದು ಹಿಡಿಯುತ್ತಾರೆ. ತಪ್ಪು ಟಿಕೆಟ್ ತೋರಿಸಿ ಈ ಸ್ಟಾಪು ದಾಟಬಹುದು, ಮುಂದಿನ ಸ್ಟಾಪಿನಲ್ಲಿ ಇನ್ನೊಬ್ಬ ಹತ್ತುತ್ತಾನೆ. ಲಿಫ್ಟಿನವನು ಬಕೆಟ್ಟಿನಿಂದ ಬಟ್ಟೆ ಎತ್ತಿ ತಾನೇ ಹಿಂಡತೊಡಗಿದ.

ವಿಚಾರಣೆಯ ದಿನ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂವರೂ ಕೂತಿದ್ದಾಗ, ಬೂದು ಬಣ್ಣದ ಸ್ವೆಟರಿನ ವಯಸ್ಸಾದವರೊಬ್ಬರು ಬಂದು, ಊಟ ಆಯ್ತಾ ಎಂದು ಕನ್ನಡದಲ್ಲಿ ವಿಚಾರಿಸಿದರು. ಬಂದು ಒಂಬತ್ತು ವಾರವಾದರೂ ಹೊರಗಿನವರ ಬಾಯಲ್ಲಿ ಮುಖಾಮುಖಿ ಕನ್ನಡ ಕೇಳದ ಲಿಫ್ಟಿನವನು ಖುಷಿಯಿಂದ ಎದ್ದು ನಿಂತ. ಇವತ್ತಿನ ದುಭಾಷಿ ಅವರೇ. ಮೂವತ್ತು ವರ್ಷವಾಯಿತಂತೆ ಬಂದು. ಕಂಡಕ್ಟರಮ್ಮ ಮಾತ್ರ ಕೂತಲ್ಲೇ ಕೂತಿದ್ದಳು. ಮುಖ ಮರೆತರೂ ದನಿ ಮರೆಯುವವಳಲ್ಲ ಅವಳು. ಟಿಕೆಟ್ ಆಯ್ತು ಎಂದು ಹಿಂದಿನ ಸೀಟಿನಿಂದ ಕೂಗಿದ ದನಿಯಲ್ಲೇ ಆಯಿತೋ ಇಲ್ಲವೋ ಹೇಳಬಲ್ಲಳು.

ಅವತ್ತು ಫೋನಿನಲ್ಲಿ ಇದ್ದದ್ದು ನೀವೇ ಅಲ್ಲವೇ ಎಂದು ಕೇಳಿದಳು. ದಿನಕ್ಕೆ ಇಪ್ಪತ್ತು ಫೋನು ಬರುತ್ತದೆ, ಯಾವುದು ಎಂದು ಹೇಗೆ ನೆನಪಿರುತ್ತದೆ ಎಂದರು ಅವರು. ಇವಳು ಬಿಡಲಿಲ್ಲ.

“ಚಿಕ್ಕಮ್ಮ ಅಂದ್ರೆ ಏನು ಸ್ವಾಮಿ?”

“ಅಪ್ಪನ ಎರಡನೇ ಹೆಂಡ್ತಿ,” ಎಂದರು ದುಭಾಷಿ, ಅದರಲ್ಲಿ ಕೇಳುವುದೇನಿದೆ ಎಂಬ ಹಾಗೆ.

“ಅಮ್ಮನ ತಂಗಿ ಏನಾಗ್ತಾಳೆ?”

ಅವರು ಸ್ವೆಟರಿನ ತೋಳನ್ನು ಎಳೆದುಕೊಂಡರು. ನಮ್ಮಮ್ಮನಿಗೆ ತಂಗಿಯರು ಇರಲಿಲ್ಲ, ನಮ್ಮ ಮನೆಯಲ್ಲಿ ಚಿಕ್ಕಮ್ಮ ಅಂತ ಇದ್ದದ್ದು ಒಬ್ಬಳೇ ಎಂದು ತಮಗೇ ಹೇಳಿಕೊಂಡ ಹಾಗೆ ಗೊಣಗಿದರು. ಅವರ ಮುಖದ ಬಣ್ಣ ಇಳಿದದ್ದು ನೋಡಿದರೆ ಆ ಒಬ್ಬಳು ಎಂಥವಳಿದ್ದಳು ಎಂದು ಕೇಳುವ ಅಗತ್ಯವಿರಲಿಲ್ಲ. ಬೇರೆ ದಿನವಾಗಿದ್ದರೆ ಕಂಡಕ್ಟರಮ್ಮ ಅಯ್ಯೋ ಪಾಪ ಅನ್ನುತ್ತಿದ್ದಳೇನೋ. ಇವತ್ತು ಅವಳ ಹತ್ತಿರ ಅಷ್ಟು ಕರುಣೆ ಮಿಕ್ಕಿರಲಿಲ್ಲ. ಪರದೇಶದವನಿಗೆ ಗೊತ್ತಿಲ್ಲ ಅಂದರೆ ಸರಿ, ನಮ್ಮವನೇ ನಮ್ಮ ಮಾತನ್ನು ಅರ್ಧ ನುಂಗಿ ಇನ್ನರ್ಧ ಉಗುಳಿದರೆ ಯಾರಿಗೆ ಹೇಳುವುದು? ಹಾಗಾದರೆ ಒಳಗೆ ಹೋಗಿ, ನಾನು ತಪ್ಪು ಹೇಳಿದೆ ಅನ್ನಿ ಎಂದಳು.

ದುಭಾಷಿ ದನಿ ತಗ್ಗಿಸಿದರು. ಒಂದು ತಪ್ಪು ಕಡತಕ್ಕೆ ಸೇರಿದರೆ ಪಟ್ಟಿಯಿಂದ ತಮ್ಮ ಹೆಸರು ಹೊಡೆದುಹಾಕುತ್ತಾರೆ, ಈ ವಯಸ್ಸಿನಲ್ಲಿ ಬೇರೆ ಕೆಲಸವಿಲ್ಲ ಎಂದರು. ಸುಲಭದ ದಾರಿ ಇದೆಯಲ್ಲ ಎನ್ನುತ್ತ ಪಿಟೀಲಿನ ಮುಂದೆ ಬಗ್ಗಿ, ಒಳಗೆ ಕೇಳಿದಾಗ ಅಮ್ಮ ಅಂದುಬಿಡು ಕಂದ, ಎಲ್ಲರಿಗೂ ಒಳ್ಳೆಯದು ಎಂದು ಬೆನ್ನು ಸವರಿದರು. ಕಂಡಕ್ಟರಮ್ಮ ಅವರ ಕೈಯನ್ನು ಹಿಡಿದು ಪಕ್ಕಕ್ಕೆ ಇಟ್ಟಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ವಿಚಾರಣೆಯ ಅಧಿಕಾರಿಗೆ ನೆಗಡಿಯಾಗಿತ್ತು. ಮೇಜಿನ ಮೇಲೆ ಕಡತಕ್ಕಿಂತ ಎತ್ತರ ಉಪಯೋಗಿಸಿದ ಕಾಗದದ ಕರವಸ್ತ್ರಗಳು. ಕೆಟ್ಟವನಂತೆ ಕಾಣಲಿಲ್ಲ, ಸುಸ್ತಾದವನಂತೆ ಕಂಡ. ದೊಡ್ಡವರು ಮಧ್ಯೆ ಮಾತಾಡಬಾರದು, ಮಗುವೇ ಹೇಳಬೇಕು ಎಂದು ಮೊದಲೇ ಎಚ್ಚರಿಸಿದ. ಆಮೇಲೆ ದುಭಾಷಿಯ ಮೂಲಕ ಪಿಟೀಲನ್ನು ಕೇಳಿದ. ಈ ಹೆಂಗಸನ್ನು ನೀನು ಏನೆಂದು ಕರೆಯುತ್ತೀಯ?

ಪಿಟೀಲು ಮೇಜಿನ ಕೆಳಗೆ ಕಂಡಕ್ಟರಮ್ಮನ ತೋಳು ಜಗ್ಗಿದಳು, ನೀರು ಬೇಕಾದಾಗ ಜಗ್ಗುವ ಹಾಗೆ. ಅಧಿಕಾರಿ ಮೂಗು ಒರೆಸಿಕೊಂಡು ಮತ್ತೆ ಕೇಳಿದ. ಹುಡುಗಿಯ ತುಟಿ ಅಲುಗಿತು, ದನಿ ಬರಲಿಲ್ಲ. ದುಭಾಷಿ ಹುಬ್ಬು ಹಾರಿಸಿ ಸನ್ನೆ ಮಾಡಿದರು. ಲಿಫ್ಟಿನವನು ಕಣ್ಣು ಮುಚ್ಚಿಕೊಂಡ. ಅಧಿಕಾರಿ ಪೆನ್ನು ತೆಗೆದ. ಬರೆಯುವುದನ್ನು ತಲೆಕೆಳಗಾಗಿ ಓದುವುದು ಕಂಡಕ್ಟರಮ್ಮನ ಹಳೆಯ ವಿದ್ಯೆ. ಮಗು ಈ ಹೆಂಗಸಿನ ಎದುರು ಮಾತಾಡಲು ಹೆದರುತ್ತಿದೆ ಎಂದು ಅವನು ಬರೆಯುತ್ತಿದ್ದ. ಅಷ್ಟು ಪದ ಅವಳಿಗೂ ಬರುತ್ತಿತ್ತು.

ದೊಡ್ಡವರು ಮಾತಾಡಬಾರದು ಅನ್ನುವುದು ಅವಳಿಗೆ ಮರೆತುಹೋಯಿತು. ಹುಡುಗಿಯ ಕಡೆ ಪೂರ್ತಿ ತಿರುಗಿ ಕೂತಳು.

“ಪಿಟೀಲು, ನೀನು ಏನಂತ ಕರೀತಿದ್ಯೋ ಅದೇ ಹೇಳು. ಏನಾಗತ್ತೋ ನಾನು ನೋಡ್ಕೋತೀನಿ.”

“ಹೇಳಿದ್ರೆ ನನ್ನ ವಾಪಸ್ ಕಳಿಸ್ತಾರೆ,” ಎಂದಳು ಪಿಟೀಲು. “ಅವತ್ತು ನಾನು ಹಾಗಂದಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು. ಇನ್ನೊಂದ್ಸಲ ಬಾಯ್ತಪ್ಪಿ ಅಂದ್ಬಿಡ್ತೀನಿ ಅಂತ ನಾನು ಮನೇಲೂ ಅನ್ನಲ್ಲ.”

ಕಂಡಕ್ಟರಮ್ಮನಿಗೆ ಈಗ ತಿಳಿಯಿತು. ಮುನಿಸಲ್ಲ, ಅನುಮಾನವಲ್ಲ. ಒಂಬತ್ತು ವಾರ ಈ ಕೂಸು ತನ್ನ ಬಾಯಿಗೆ ತಾನೇ ಕಾವಲು ಕೂತಿತ್ತು. ಎದುರಿಗೆ ಬಂದು ನಿಂತದ್ದು, ತೋಳು ಜಗ್ಗಿದ್ದು, ಬಾಚಣಿಗೆ ಕೈಯಲ್ಲಿಟ್ಟದ್ದು ಎಲ್ಲ ಅದಕ್ಕೆ. ಚಿಕ್ಕಮ್ಮನ ಬಳಿ ಉಳಿಯಬೇಕಾದರೆ ಚಿಕ್ಕಮ್ಮ ಅನ್ನಬಾರದು ಎಂಬ ಕಾನೂನನ್ನು ಒಂಬತ್ತು ವರ್ಷದ ಹುಡುಗಿ ಒಬ್ಬಳೇ ಕೂತು ಮಾಡಿಕೊಂಡಿದ್ದಳು. ಮಾಡಿಸಿದವರು ಇಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ಮಗು ಏನು ಹೇಳಿತು ಎಂದು ಅಧಿಕಾರಿ ಕೇಳಿದ. ದುಭಾಷಿ ಗಂಟಲು ಸರಿಮಾಡಿಕೊಂಡು ಮೇಜಿನ ಅಂಚು ನೋಡಿದರು. ಕಂಡಕ್ಟರಮ್ಮ ಎದ್ದು ನಿಂತಳು. ತುಂಬಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೇಳಿಸುವ ದನಿ ಅವಳದು, ಆ ಸಣ್ಣ ಕೋಣೆಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲ.

“ಆ ಮಗು ಅಂದಿದ್ದು ಒಂದಕ್ಷರ ಬಿಡದೆ ಹೇಳಿ ಇವರಿಗೆ. ಆಮೇಲೆ ಚಿಕ್ಕಮ್ಮ ಅಂದ್ರೆ ಏನೇನು ಅಂತ ಪೂರ್ತಿ ಹೇಳಿ. ನಿಮ್ಮನೇ ಚಿಕ್ಕಮ್ಮನ್ನ ನನ್ನ ತಲೆಗೆ ಕಟ್ಟಿದ್ದು ಸಾಕು. ನಿಮ್ಮ ಹೆಸರು ಪಟ್ಟೀಲಿ ಇರ್ಲಿ ಅಂತ ನನ್ನ ಮಗಳು ಮೂಗಿ ಆಗಲ್ಲ.”

ದುಭಾಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಲ್ಲಿನ ಭಾಷೆಯಲ್ಲಿ ಮಾತಾಡತೊಡಗಿದರು. ಕಂಡಕ್ಟರಮ್ಮ ಒಂದೊಂದು ಪದಕ್ಕೂ ಕಿವಿಗೊಟ್ಟು ನಿಂತಳು. ತಾಯಿಯ ತಂಗಿ ಅನ್ನುವುದು ಕೇಳಿಸಿತು. ಸತ್ತುಹೋದಳು ಅನ್ನುವುದು ಕೇಳಿಸಿತು. ಒಂದೇ ಪದ, ಮೂರು ಸಂಬಂಧ ಅನ್ನುವುದು ಕೇಳಿಸಿತು. ಕೊನೆಗೆ, ತಪ್ಪು ನನ್ನದು ಅನ್ನುವುದೂ ಕೇಳಿಸಿತು, ಮೆಲ್ಲಗೆ. ಇವರ ಹೆಸರು ಪಟ್ಟಿಯಿಂದ ಹೋಗುತ್ತದೋ ಏನೋ ಎಂದು ಅವಳಿಗೆ ಸಂಕಟವಾಯಿತು. ಸಿಟ್ಟು ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು.

ಅಧಿಕಾರಿ ಕೋರ್ಟಿನ ಪತ್ರ ತೆಗೆದ, ಭಾವನ ಒಪ್ಪಿಗೆಯ ರುಜು ನೋಡಿದ, ಅಕ್ಕನ ಮರಣಪತ್ರ ನೋಡಿದ. ಎಲ್ಲವೂ ಮೊದಲ ದಿನದಿಂದಲೇ ಅದೇ ಕಡತದಲ್ಲಿ, ಅದೇ ಕ್ರಮದಲ್ಲಿ ಇದ್ದವು. ಹತ್ತು ನಿಮಿಷವೂ ಆಗಲಿಲ್ಲ, ಮೊಹರು ಬಿತ್ತು. ಒಂಬತ್ತು ವಾರಕ್ಕೆ ಹತ್ತು ನಿಮಿಷ. ಪಿಟೀಲಿನ ಹಳದಿ ಚೀಟಿ ಹರಿದು ಬುಟ್ಟಿಗೆ ಹೋಯಿತು. ಲಿಫ್ಟಿನವನು ಮುಖ ಮುಚ್ಚಿಕೊಂಡು ಬಿಕ್ಕಿದ. ಅಧಿಕಾರಿ ಕಡತ ಕಟ್ಟುತ್ತ ಕಂಡಕ್ಟರಮ್ಮನ ಕಡೆ ನೋಡಿ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದ. ದುಭಾಷಿ ಅದನ್ನು ಕನ್ನಡಕ್ಕೆ ತಿರುಗಿಸಲು ಹಿಂಜರಿದರು, ಅವಳಿಗೆ ತಿರುಗಿಸುವ ಮೊದಲೇ ಅರ್ಥವಾಗಿತ್ತು. ಇಷ್ಟು ಸರಳವಾಗಿದ್ದರೆ ನೀವು ಮೊದಲೇ ಹೇಳಬಾರದಿತ್ತೇ ಎಂದಿದ್ದ.

ಆಮೇಲೆ ಕೈ ಚಾಚಿ, ನಮ್ಮ ದೇಶಕ್ಕೆ ಸ್ವಾಗತ ಎಂದ. ಲಿಫ್ಟಿನವನು ಎರಡೂ ಕೈಯಲ್ಲಿ ಆ ಕೈಯನ್ನು ಹಿಡಿದುಕೊಂಡ. ಕಂಡಕ್ಟರಮ್ಮನ ಮುಂದೆ ಬಂದಾಗ ಆ ಕೈ ಗಾಳಿಯಲ್ಲೇ ಉಳಿಯಿತು. ಅವಳು ಬಗ್ಗಿ ಪಿಟೀಲಿನ ಬೂಟಿನ ದಾರ ಕಟ್ಟತೊಡಗಿದಳು. ದಾರ ಬಿಚ್ಚಿರಲಿಲ್ಲ.

ಹೊರಗಿನ ಮೇಜಿನಲ್ಲಿ ಇನ್ನೊಂದು ಹಾಳೆ ಕಾದಿತ್ತು. ನಮ್ಮ ಸೇವೆಯ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ. ಸಾಲಾಗಿ ಐದು ಮುಖದ ಚಿತ್ರ, ಅಳುವುದರಿಂದ ನಗುವುದರವರೆಗೆ. ಕ್ಷೇಮ ನೋಡುವ ಇಲಾಖೆಯ ಆ ಹೆಂಗಸಿನ ಹಾಳೆಯಂತೆ ಇದು ಇರಲಿಲ್ಲ, ಕೆಳಗೆ ಖಾಲಿ ಸಾಲುಗಳಿದ್ದವು. ನಿಮ್ಮದೇ ಭಾಷೆಯಲ್ಲಿ ಬರೆಯಬಹುದು, ಭಾಷಾಂತರ ಮಾಡಿಸಿಕೊಳ್ಳುತ್ತೇವೆ ಎಂದು ಅಚ್ಚು ಹಾಕಿತ್ತು. ಲಿಫ್ಟಿನವನು ನಗುವ ಮುಖಕ್ಕೆ ಗುರುತು ಹಾಕಿ ಹೋಗೋಣ ನಡಿ ಎಂದು ಪೆನ್ನು ಎತ್ತಿದ. ಕಂಡಕ್ಟರಮ್ಮ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. ಐದು ಮುಖದಲ್ಲಿ ಯಾವುದನ್ನೂ ಮುಟ್ಟಲಿಲ್ಲ. ಕುರ್ಚಿ ಎಳೆದು ಕೂತು ಕನ್ನಡದಲ್ಲಿ ಬರೆಯತೊಡಗಿದಳು. ವರ್ಷಗಳಿಂದ ಕನ್ನಡದಲ್ಲಿ ಅಂಕಿ ಬಿಟ್ಟು ಬೇರೇನೂ ಬರೆಯದ ಕೈ, ಅಕ್ಷರಗಳು ಒಂದರ ಮೇಲೊಂದು ಬಿದ್ದವು.

ಪಿಟೀಲು ಪಕ್ಕಕ್ಕೆ ಬಂದು, ಬೆರಳಿಟ್ಟು, ಒಂದೊಂದೇ ಪದ ಕೂಡಿಸಿ ಮೆಲ್ಲಗೆ ಓದಿದಳು. ನೀವು ನನ್ನ ಮಗಳನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಇವಳು ಹೊಡೆಯುತ್ತಾಳಾ ಎಂದು ಕೇಳಿದಿರಿ. ಅವತ್ತಿನಿಂದ ನನ್ನ ಮಗಳು ನನ್ನನ್ನು ಕರೆದಿಲ್ಲ. ಇವತ್ತಿಗೆ ಅರವತ್ತಮೂರು ದಿನ. ಅವಳು ನನ್ನನ್ನು ಕರೆಯುವುದು ಹೀಗೆ ಎಂದು ಬರೆದು, ಅದರ ಮುಂದೆ ಆ ಪದವನ್ನು ದೊಡ್ಡದಾಗಿ, ಇಡೀ ಸಾಲು ತುಂಬುವ ಹಾಗೆ ಬರೆದಿದ್ದಳು. ಕೆಳಗೆ, ಆ ಅರವತ್ತಮೂರು ದಿನ ನನಗೆ ವಾಪಸ್ ಕೊಡಿ ಎಂದಿತ್ತು.

ಹುಡುಗಿಯ ಬೆರಳು ದೊಡ್ಡ ಅಕ್ಷರಗಳ ಮೇಲೆ ನಿಂತಿತು. ಹುಬ್ಬು ಗಂಟಿಕ್ಕಿತು.

“ಚಿಕ್ಕಮ್ಮ, ಇಲ್ಲಿ ಕ ಕೆಳಗೆ ಒತ್ತು ಬಿಟ್ಟಿದೀಯ.”

ಕಂಡಕ್ಟರಮ್ಮ ಹಾಳೆ ನೋಡಿದಳು. ಚಿಕಮ್ಮ ಎಂದು ಬರೆದಿತ್ತು. ಪೆನ್ನು ಹಿಡಿದು ಒತ್ತು ಬರೆದಳು, ಕಾಗದ ತೂತಾಗಿ ಮೇಜಿನ ಮೇಲೆ ಮಸಿ ಮೂಡುವಷ್ಟು ಒತ್ತಿ. ಕರೆದಳಲ್ಲ, ಕೆಳಗಿನ ಸಾಲನ್ನು ಇನ್ನು ಹೊಡೆದುಹಾಕೇ ಎಂದು ಲಿಫ್ಟಿನವನು ಮೆತ್ತಗೆ ಹೇಳಿದ. ಅವಳು ಹಾಗೇ ಮಡಿಸಿ ಪೆಟ್ಟಿಗೆಗೆ ಹಾಕಿದಳು.